‘ಚಂದ್ರಿಕೆ’ ಆಟ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಬಗೆಯ ಆಟ?

ಓದುತ್ತಾ, ಟೈಪ್ ಮಾಡುತ್ತಾ ಆಡುವ ಕೊಲೆ ರಹಸ್ಯದ ಆಟ. ಚಿತ್ರವಿಲ್ಲ, ಸಂಗೀತವಿಲ್ಲ, ಗುಂಡಿ ಒತ್ತಿದರೆ ನೆಗೆಯುವ ಬೊಂಬೆಗಳಿಲ್ಲ. ನೀವು ನಿಂತಿರುವ ಜಾಗದ ವರ್ಣನೆ ಪರದೆಯ ಮೇಲೆ ಬರುತ್ತದೆ. ಅದರ ಕೆಳಗಿನ ಖಾಲಿ ಸಾಲಿನಲ್ಲಿ ಏನು ಮಾಡಬೇಕೆಂದು ಕನ್ನಡದಲ್ಲಿ ಬರೆದು ಎಂಟರ್ ಒತ್ತಿದರೆ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

ಕಾಲ 1988. ಸ್ಥಳ ಶಿಡ್ಲಘಟ್ಟದ ಸಮೀಪದ ಒಂದು ಹಳ್ಳಿ. ಬೆಳಗಿನ ಜಾವ ರೇಷ್ಮೆಹುಳು ಸಾಕುವ ಹುಳುಮನೆಯ ಬಾಗಿಲು ತೆಗೆದರೆ ರೇಷ್ಮೆಗೂಡಿನ ದಲ್ಲಾಳಿಯೊಬ್ಬ ಚಂದ್ರಿಕೆಗಳ ನಡುವೆ ಸತ್ತು ಬಿದ್ದಿದ್ದಾನೆ. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಹೆಣಿಗೆ. ನೀವು ಪೊಲೀಸರಲ್ಲ, ಪತ್ತೇದಾರರೂ ಅಲ್ಲ. ರೈತರಿಗೆ ಹುಳು ಸಾಕುವ ಕ್ರಮ ತೋರಿಸಿಕೊಡುವ, ರೇಷ್ಮೆ ಇಲಾಖೆಯ ಪ್ರದರ್ಶಕರು; ಹುಳುವಿಗೆ ರೋಗ ಬಂದಿದೆಯೇ ಎಂದು ನೋಡಲು ಸೈಕಲ್ಲಿನಲ್ಲಿ ಬಂದವರು. ಓದುಬರಹ ಬಲ್ಲವರು ಸಿಕ್ಕರು ಎಂದು ಸಬ್ ಇನ್‌ಸ್ಪೆಕ್ಟರ್ ನಿಮ್ಮನ್ನು ಪಂಚರಲ್ಲಿ ಒಬ್ಬರನ್ನಾಗಿ ನಿಲ್ಲಿಸಿಕೊಂಡಿದ್ದಾರೆ. ಸಂಜೆ ನಾಲ್ಕಕ್ಕೆ ಶವ ಮಹಜರಿಗೆ ಸಹಿ ಹಾಕಬೇಕು. ‘ಕತ್ತಲಲ್ಲಿ ಕಾಲು ಜಾರಿ ಬಿದ್ದು ಸಾವು’ ಎಂದು ಬರೆದು ಮುಗಿಸುವ ಆತುರ ಅವರಿಗಿದೆ. ಆಮೇಲಿನದು ನಿಮಗೆ ಬಿಟ್ಟದ್ದು.

ಪಂಚರಿಗೆ ತನಿಖೆ ಮಾಡುವ ಅಧಿಕಾರ ಎಲ್ಲಿದೆ?

ಇಲ್ಲ. ಆಟದ ರುಚಿ ಇರುವುದೇ ಅಲ್ಲಿ. ಅಸಹಜ ಸಾವು ನಡೆದಾಗ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮ್ಮುಖದಲ್ಲಿ ಶವವನ್ನು ಪರಿಶೀಲಿಸಿ ವರದಿ ಬರೆಯಬೇಕು, ಅವರ ಸಹಿ ಪಡೆಯಬೇಕು ಎಂದು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಕೆಲಸ 194ನೇ ಕಲಮಿನದು. ಪಂಚರು ಯಾರನ್ನೂ ಬಂಧಿಸುವಂತಿಲ್ಲ, ಬೆದರಿಸುವಂತಿಲ್ಲ, ಪೆಟ್ಟಿಗೆ ಒಡೆಸುವಂತಿಲ್ಲ. ಅವರು ಮಾಡಬಹುದಾದದ್ದು ಒಂದೇ: ಕಣ್ಣಿಗೆ ಕಂಡದ್ದು ಕಾಗದದಲ್ಲಿ ಬಂದಿದೆಯೇ ಎಂದು ನೋಡುವುದು.

ಆದ್ದರಿಂದ ಈ ಆಟದ ಮುಖ್ಯ ಆಜ್ಞೆ ‘ಬಂಧಿಸು’ ಅಲ್ಲ, ‘ಬರೆಸು’. ನೀವು ನಿಜವಾಗಿ ಕಂಡ ವಸ್ತುವನ್ನು ಮಾತ್ರ ಮಹಜರಿನಲ್ಲಿ ಬರೆಸಬಹುದು. ‘ಮನೆಯ ಯಜಮಾನನ ತಮ್ಮನ ಮೇಲೆ ಅನುಮಾನ’ ಎಂದು ಬರೆಸಲು ಹೋದರೆ ಸಬ್ ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿ ಟೀ ತರಿಸುತ್ತಾರೆ. ನಿಮ್ಮ ಹತ್ತು ನಿಮಿಷ ಹೋಯಿತು.

ಯಾವ ಯಾವ ಆಜ್ಞೆಗಳು ಅರ್ಥವಾಗುತ್ತವೆ?

ಸಾಮಾನ್ಯವಾಗಿ ಬೇಕಾಗುವುದು ನೋಡು, ಮುಟ್ಟು, ತೆಗೆದುಕೋ, ಇಡು, ತೆರೆ, ಮೂಸು, ಎಣಿಸು, ಕೇಳು, ತೋರಿಸು, ಕಾಯಿ, ಬರೆಸು. ಓಡಾಡಲು ದಿಕ್ಕಿನ ಹೆಸರು ಸಾಕು. ‘ಅಂಗಳಕ್ಕೆ ಹೋಗು’, ‘ಹಿತ್ತಿಲಿಗೆ ಹೋಗು’ ಎಂದರೂ ನಡೆಯುತ್ತದೆ. ‘ಮೂಸು’ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಹುಳುಮನೆಯಲ್ಲೂ ಗೂಡು ಬೇಯಿಸುವ ಜಾಗದಲ್ಲೂ ಮೂಗು ಹೇಳುವಷ್ಟನ್ನು ಕಣ್ಣು ಹೇಳುವುದಿಲ್ಲ.

ಕ್ರಿಯಾಪದ ಕೊನೆಯಲ್ಲಿ ಬಂದರೆ ಒಳ್ಳೆಯದು, ಮೊದಲು ಬಂದರೂ ಆಟ ಮುನಿಸಿಕೊಳ್ಳುವುದಿಲ್ಲ. ‘ಚಂದ್ರಿಕೆಯನ್ನು ನೋಡು’, ‘ಚಂದ್ರಿಕೆ ನೋಡು’, ‘ನೋಡು ಚಂದ್ರಿಕೆ’ ಮೂರೂ ಒಂದೇ. ಆದರೆ ಎರಡು ವಸ್ತುಗಳಿರುವ ಕಡೆ ವಿಭಕ್ತಿ ಬಿಡಬೇಡಿ. ‘ಅಜ್ಜಿಗೆ ಚೀಲವನ್ನು ತೋರಿಸು’ ಎನ್ನುವ ಬದಲು ‘ಅಜ್ಜಿ ಚೀಲ ತೋರಿಸು’ ಎಂದರೆ, ಅಜ್ಜಿಗೆ ತೋರಿಸಬೇಕೋ ಅಜ್ಜಿಯ ಚೀಲವನ್ನು ಇನ್ನಾರಿಗೋ ತೋರಿಸಬೇಕೋ ಎಂದು ಆಟ ತಿರುಗಿ ಕೇಳುತ್ತದೆ. ಅದು ಕೇಳುವುದರಲ್ಲಿ ನ್ಯಾಯವಿದೆ.

ನಾನು ಸರಿಯಾಗಿಯೇ ಟೈಪ್ ಮಾಡಿದೆ. ಆದರೂ ‘ತಿಳಿಯಲಿಲ್ಲ’ ಎನ್ನುತ್ತದೆ.

ಮೊದಲು ಕೀಲಿಮಣೆ ನೋಡಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬರೆದದ್ದನ್ನು ತಂದು ಅಂಟಿಸಿದರೆ ನಿಮಗೆ ಕನ್ನಡ ಕಂಡಿದ್ದರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್ ಕೀಲಿಮಣೆಯೇ ಬೇಕು. ಮೊಬೈಲ್‌ಗಳಲ್ಲಿ ಬರುವ ಕನ್ನಡ ಕೀಲಿಮಣೆಗಳು ಯುನಿಕೋಡ್‌ನಲ್ಲೇ ಬರೆಯುತ್ತವೆ, ಅಲ್ಲಿ ಈ ತೊಂದರೆಯಿಲ್ಲ.

ಇನ್ನೊಂದು ಕಾಟ ಕಣ್ಣಿಗೆ ಕಾಣದ್ದು. ಕನ್ನಡದ ‘ೋ’ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಣುಕುಗಳನ್ನು ಜೋಡಿಸಿಯೂ ಬರೆಯಬಹುದು. ಅರ್ಕಾವೊತ್ತಿನ ಸುತ್ತ ಕೆಲವು ಕೀಲಿಮಣೆಗಳು ಅಗೋಚರ ಜೋಡಕವನ್ನು ಸೇರಿಸುತ್ತವೆ. ಪರದೆಯ ಮೇಲೆ ಎರಡು ಪದಗಳೂ ಒಂದೇ ಥರ ಕಾಣುತ್ತವೆ, ಕಂಪ್ಯೂಟರಿಗೆ ಬೇರೆ ಬೇರೆ. ಈಗಿನ ಆವೃತ್ತಿ ಇವನ್ನೆಲ್ಲ ಒಂದೇ ರೂಪಕ್ಕೆ ತಂದುಕೊಂಡ ಮೇಲೆಯೇ ಪದಕೋಶದಲ್ಲಿ ಹುಡುಕುತ್ತದೆ. ಹಳೆಯ ಆವೃತ್ತಿ ಇಟ್ಟುಕೊಂಡಿದ್ದರೆ ಅಳಿಸಿ ಹೊಸದನ್ನು ಇಳಿಸಿಕೊಳ್ಳಿ.

ಅಜ್ಜಿ ನನ್ನ ಜತೆ ಮಾತನಾಡುವುದನ್ನೇ ನಿಲ್ಲಿಸಿದ್ದಾರೆ. ಆಟ ಕೆಟ್ಟಿದೆಯೇ?

ಆಟ ಕೆಟ್ಟಿಲ್ಲ. ನೀವು ಅವರನ್ನು ಏಕವಚನದಲ್ಲಿ ಮಾತನಾಡಿಸಿದ್ದೀರಿ. ‘ನಿನ್ನೆ ರಾತ್ರಿ ನೀನು ಎಲ್ಲಿದ್ದೆ’ ಎಂದು ಮನೆಯ ಹಿರಿಯರನ್ನು ಕೇಳಿದ ಸರ್ಕಾರಿ ನೌಕರನಿಗೆ ಆ ಮನೆಯಲ್ಲಿ ನೀರೂ ಸಿಗುವುದಿಲ್ಲ. ಜಗಲಿಗೆ ಬಂದು ‘ಅಜ್ಜಿಗೆ ನಮಸ್ಕರಿಸು’ ಎಂದು ಬರೆಯಿರಿ, ಎಲೆ ಅಡಿಕೆಯ ಚೀಲ ಎಲ್ಲಿದೆ ಎಂದು ಕೇಳಿ. ಆಮೇಲೆ ಅವರನ್ನು ಸುಮ್ಮನಿರಿಸುವುದೇ ಕಷ್ಟ.

ಪಾತ್ರಗಳಿಗೆಲ್ಲ ನೆನಪಿದೆ. ಯಜಮಾನನ ಮುಂದೆ ಅವನ ತಮ್ಮನನ್ನು ಆಸ್ತಿಯ ಭಾಗದ ವಿಷಯ ಕೇಳಿದರೆ ಇಬ್ಬರೂ ಒಂದಾಗುತ್ತಾರೆ. ಅದೇ ಪ್ರಶ್ನೆಯನ್ನು ತೋಟದ ಬಾವಿಯ ಹತ್ತಿರ ಒಬ್ಬನನ್ನೇ ಕೇಳಿ ನೋಡಿ. ಹಿರಿಸೊಸೆಯನ್ನು ಅಡುಗೆಮನೆಯೊಳಗೆ ನುಗ್ಗಿ ಕೇಳಿದರೆ ಉತ್ತರ ಬಾರದು. ಅವರು ನೀರಿಗೆ ಹೊರಗೆ ಬರುವ ಹೊತ್ತಿಗೆ ಕಾಯಬೇಕು.

ಸಮಯ ಇಷ್ಟು ಬೇಗ ಓಡುವುದೇಕೆ?

ಒಂದು ಆಜ್ಞೆಗೆ ಒಂದು ನಿಮಿಷ. ಬೆಳಿಗ್ಗೆ ಎಂಟಕ್ಕೆ ಆಟ ಶುರು, ಸಂಜೆ ನಾಲ್ಕಕ್ಕೆ ಶವ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಡುತ್ತದೆ. ನೀವು ಎಲ್ಲಿದ್ದರೂ ಆ ಮನೆಯವರು ತಮ್ಮ ಪಾಡಿಗೆ ಓಡಾಡುತ್ತಿರುತ್ತಾರೆ. ಹನ್ನೊಂದರ ಸುಮಾರಿಗೆ ಒಬ್ಬರು ಹಿತ್ತಿಲಲ್ಲಿ ಏನನ್ನೋ ಸುಡುತ್ತಾರೆ. ಆಗ ನೀವು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರೆ ಬೂದಿ ಮಾತ್ರ ಸಿಗುತ್ತದೆ. ಬೂದಿಯೂ ದಂಡವಲ್ಲ ಅನ್ನಿ.

ಈ ಉಪಾಯ ನಮ್ಮದಲ್ಲ. ಪಠ್ಯ ಸಾಹಸದ ಆಟಗಳು ಶುರುವಾದದ್ದು 1970ರ ದಶಕದ ಅಮೆರಿಕದಲ್ಲಿ. ಗುಹೆಗಳನ್ನು ಅಳೆಯುವ ಹವ್ಯಾಸವಿದ್ದ ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಬರೆದ ಗುಹೆಯ ಆಟವನ್ನು 1977ರಲ್ಲಿ ಡಾನ್ ವುಡ್ಸ್ ಹಿಗ್ಗಿಸಿದರು. ಅವುಗಳಲ್ಲಿ ಜಗತ್ತು ನಿಮಗಾಗಿ ಕಾಯುತ್ತಿತ್ತು; ನೀವು ಬಾಗಿಲು ತೆರೆಯುವ ತನಕ ಒಳಗೆ ಏನೂ ಜರುಗುತ್ತಿರಲಿಲ್ಲ. ಇನ್ಫೋಕಾಮ್ ಕಂಪನಿ 1982ರಲ್ಲಿ ಹೊರತಂದ ‘ಡೆಡ್‌ಲೈನ್’ ಕೊಲೆ ರಹಸ್ಯಕ್ಕೆ ಗಡಿಯಾರ ಕಟ್ಟಿತು: ಹನ್ನೆರಡು ಗಂಟೆಯೊಳಗೆ ಪ್ರಕರಣ ಬಗೆಹರಿಸಬೇಕು, ಆ ಮನೆಯ ಜನ ತಮ್ಮ ತಮ್ಮ ವೇಳೆಗೆ ತಕ್ಕಂತೆ ನಡೆದುಕೊಳ್ಳುತ್ತಾರೆ. ಫ್ಲಾಪಿಯಲ್ಲಿ ಹಿಡಿಸದ ಸಾಕ್ಷಿ ಹೇಳಿಕೆ, ಪ್ರಯೋಗಾಲಯದ ವರದಿಗಳನ್ನು ಅಚ್ಚು ಮಾಡಿ ಡಬ್ಬದಲ್ಲೇ ಇಟ್ಟು ಮಾರಿದರು. ನಮಗೆ ಜಾಗದ ಬಡತನವಿಲ್ಲ. ಮಹಜರಿನ ಕರಡು, ಮಾರುಕಟ್ಟೆಯ ಚೀಟಿ ಎಲ್ಲವೂ ಆಟದೊಳಗೇ ಇವೆ. ಅವನ್ನು ಓದುವಾಗ ಗಡಿಯಾರ ನಿಲ್ಲುತ್ತದೆ. ಓದುವವರಿಗೆ ದಂಡ ಹಾಕುವ ಆಟ ನಮಗೆ ಬೇಕಿರಲಿಲ್ಲ.

ರೇಷ್ಮೆಯ ಗಂಧಗಾಳಿ ಗೊತ್ತಿಲ್ಲದವರು ಆಡಬಹುದೇ?

ಆಡಬಹುದು. ಬೇಕಾದ ತಿಳಿವಳಿಕೆಯೆಲ್ಲ ನಿಮ್ಮ ಪಾತ್ರದ ಜೋಳಿಗೆಯಲ್ಲಿರುವ ಇಲಾಖೆಯ ಕೈಪಿಡಿಯಲ್ಲಿದೆ. ‘ಕೈಪಿಡಿಯನ್ನು ಓದು’ ಎಂದರೆ ಸಾಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹುಳು ಸಾಕಿದ ಮನೆಯವರು ಅದನ್ನು ತೆರೆಯದೆಯೇ ಅರ್ಧ ದಾರಿ ಹೋಗುತ್ತಾರೆ ಎಂಬುದೂ ನಿಜ. ಬೆಂಗಳೂರಿನವರಿಗೆ ಆ ಅನುಕೂಲ ಇಲ್ಲದಿದ್ದರೆ ಇಲ್ಲ, ಕೈಪಿಡಿ ಇದೆಯಲ್ಲ.

ಕಥೆಗೆ ಬೇಕಾದಷ್ಟನ್ನು ಇಲ್ಲೇ ಹೇಳಿಬಿಡಬಹುದು. ಮೊಟ್ಟೆಯೊಡೆದ ಹುಳು ಸುಮಾರು ಇಪ್ಪತ್ತೈದು ದಿನ ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುತ್ತದೆ. ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹಾಸಿಗೆ ಒಣಗಿರಲಿ ಎಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ಹೇಳತೀರದು. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಐದಾರನೆಯ ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯಬೇಕು. ತಡಮಾಡಿದರೆ ತೂಕ ಇಳಿಯುತ್ತದೆ, ಇನ್ನೂ ತಡಮಾಡಿದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ಬಾರದು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಅದನ್ನು ಮೂಸಿಯೂ ನೋಡುವುದಿಲ್ಲ.

ಇದರ ಜತೆಗೆ ಕಾನೂನು. 1959ರ ರಾಜ್ಯ ಕಾಯ್ದೆ ಗೂಡಿನ ಮಾರಾಟವನ್ನು ನಿಯಂತ್ರಿಸುತ್ತದೆ. ಗೂಡು ಮಾರುಕಟ್ಟೆಯಲ್ಲೇ ಹರಾಜಾಗಬೇಕು, ರೀಲರ್‌ಗೆ ಪರವಾನಗಿ ಇರಬೇಕು. ಮನೆ ಬಾಗಿಲಿಗೆ ಬಂದು ರಾತ್ರೋರಾತ್ರಿ ಗೂಡು ಕೊಳ್ಳುವ ದಲ್ಲಾಳಿ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ನೀವೇ ಲೆಕ್ಕ ಹಾಕಿ.

ಸಿಕ್ಕಿಹಾಕಿಕೊಂಡಿದ್ದೇನೆ. ಸುಳಿವು ಕೊಡಿ.

ಇಲ್ಲಿಂದ ಮುಂದೆ ಗುಟ್ಟು ಬಯಲಾಗುತ್ತದೆ. ಆಟ ಮುಗಿಸದವರು ಮುಂದಿನ ಪ್ರಶ್ನೆಗೆ ಹಾರಿಕೊಳ್ಳಿ.

ಎಲ್ಲರೂ ನಿಲ್ಲುವುದು ಯಜಮಾನನ ತಮ್ಮನ ಹೇಳಿಕೆಯಲ್ಲಿ. ‘ರಾತ್ರಿ ಎರಡು ಗಂಟೆಗೆ ನನ್ನ ಕೋಣೆಯ ಹುಳುವಿಗೆ ಸೊಪ್ಪು ಹಾಕುತ್ತಿದ್ದೆ, ಸದ್ದೇನೂ ಕೇಳಲಿಲ್ಲ’ ಎನ್ನುತ್ತಾನೆ. ಅವನನ್ನು ಎಷ್ಟು ಕೆಣಕಿದರೂ ಇದೇ ಮಾತು. ಅವನನ್ನು ಬಿಡಿ, ಅವನ ಹುಳುವನ್ನು ನೋಡಿ. ‘ತಟ್ಟೆಯನ್ನು ನೋಡು’ ಎಂದರೆ ಬರುವ ವರ್ಣನೆ ಇದು: ‘ಹುಳುಗಳು ತಲೆ ಎತ್ತಿ ನಿಂತಿವೆ. ಮೇಲೆ ತೆಳುವಾಗಿ ಸುಣ್ಣ. ಸೊಪ್ಪಿನ ದಂಟು ಒಣಗಿ ಮುರುಟಿದೆ.’ ಮೊದಲ ಸಲ ಓದುವಾಗ ಬರೀ ಅಲಂಕಾರ ಎನ್ನಿಸುವ ಮೂರು ವಾಕ್ಯ. ಜ್ವರಕ್ಕೆ ಕೂತ ಹುಳುವಿಗೆ ನಡುರಾತ್ರಿ ಯಾರೂ ಸೊಪ್ಪು ಹಾಕುವುದಿಲ್ಲ. ‘ತಟ್ಟೆಯನ್ನು ಬರೆಸು’ ಎಂದು ಬರೆದು ಅದನ್ನು ಮಹಜರಿಗೆ ಸೇರಿಸಿ, ಆಮೇಲೆ ಅವನನ್ನು ಮತ್ತೆ ಕೇಳಿ.

ಅಷ್ಟಕ್ಕೇ ಅವನ ಕೈಗೆ ಕೋಳ ಹಾಕಿಸಲು ಹೊರಡಬೇಡಿ. ಸುಳ್ಳು ಹೇಳಿದವನೆಲ್ಲ ಕೊಲೆಗಾರನಲ್ಲ. ಆ ರಾತ್ರಿ ಅವನು ಎಲ್ಲಿಗೆ ಹೋಗಿದ್ದ ಎಂದು ಹೇಳಲು ನಾಚುತ್ತಿರಬಹುದು.

ಎರಡನೆಯ ಗಂಟು ಅಟ್ಟದ ಮೇಲಿನ ಗೂಡಿನ ಚೀಲ. ‘ಊಜಿ ನೊಣ ಹೊಡೆದ ಗೂಡು, ಮೂರು ದಿನದ ಹಿಂದೆ ಬಿಡಿಸಿದ್ದು’ ಎಂದು ಯಜಮಾನ ಹೇಳುತ್ತಾನೆ. ನಂಬುವಂಥ ಮಾತೇ, ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಬಂದಾಗಿನಿಂದ ರೈತರ ನಿದ್ದೆ ಕೆಡಿಸಿದೆ. ಆದರೆ ‘ಗೂಡನ್ನು ನೋಡು’ ಎಂದು ನಿಲ್ಲಿಸಬೇಡಿ, ‘ತೂತನ್ನು ನೋಡು’ ಎನ್ನಿ. ಊಜಿಯ ಮರಿಹುಳು ಹೊರಬಂದ ತೂತು ಚಿಕ್ಕದು, ದುಂಡಗೆ, ಚೊಕ್ಕ. ಚಿಟ್ಟೆ ಹೊರಬಂದ ತೂತು ಗೂಡಿನ ತುದಿಯಲ್ಲಿ, ದೊಡ್ಡದು. ಎಳೆಗಳು ನೆನೆದು ಕೆದರಿ ಕಲೆಯಾಗಿರುತ್ತವೆ. ಚಿಟ್ಟೆ ಬರಬೇಕಾದರೆ ಹುಳು ಚಂದ್ರಿಕೆ ಹತ್ತಿ ಹತ್ತು ಹನ್ನೆರಡು ದಿನವಾದರೂ ಆಗಿರಬೇಕು. ಅಂದರೆ ಆ ಚೀಲ ಮಾರುಕಟ್ಟೆಗೆ ಹೋಗದೆ ಅಟ್ಟದಲ್ಲಿ ಯಾರಿಗಾಗಿಯೋ ಕಾಯುತ್ತಿತ್ತು. ಯಾರಿಗಾಗಿ, ಆತ ಏಕೆ ತಡಮಾಡಿದ ಎಂಬುದು ಮಾರುಕಟ್ಟೆಯ ಚೀಟಿಯಲ್ಲಿದೆ. ಚೀಟಿ ಎಲ್ಲಿದೆ ಎಂದು ಹೇಳುವುದಿಲ್ಲ. ಅಜ್ಜಿಯ ಜತೆ ಚೆನ್ನಾಗಿರಿ.

ಬಾಗಿಲ ಬಳಿ ನೆಲದ ಮೇಲಿರುವ ಬಿಳಿ ಹೆಜ್ಜೆಗಳನ್ನು ಒಂಬತ್ತು ಗಂಟೆಯೊಳಗೆ ನೋಡದಿದ್ದರೆ ಪೇದೆಗಳ ಬೂಟು ಅವನ್ನು ಅಳಿಸಿಬಿಡುತ್ತದೆ. ಇದಕ್ಕಾಗಿ ಬಂದ ಬೈಗುಳವನ್ನು ಸ್ವೀಕರಿಸಿದ್ದೇವೆ, ಆದರೆ ಬದಲಾಯಿಸಿಲ್ಲ.

ಒಬ್ಬರು ತಪ್ಪೊಪ್ಪಿಕೊಂಡರು. ಆದರೂ ಆಟ ಮುಗಿಯಲಿಲ್ಲವಲ್ಲ?

ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೀಗೆ ಹೇಳುತ್ತಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಸಿನಿಮಾಗಳಲ್ಲಿ ಕೊಲೆಗಾರ ಗೋಳಾಡಿ ಎಲ್ಲವನ್ನೂ ಹೇಳಿದ ಕೂಡಲೇ ಪರದೆ ಬೀಳುತ್ತದೆ. ನಿಜವಾದ ಪ್ರಕರಣ ಆಗಷ್ಟೇ ಶುರುವಾಗಿರುತ್ತದೆ. ಅಲ್ಲದೆ, ಈ ಆಟದಲ್ಲಿ ಒಪ್ಪಿಕೊಳ್ಳುವವರು ತಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತಿದ್ದಾರೆ ಎಂದು ನಿಮಗೆ ಯಾರು ಹೇಳಿದರು?

ಎಷ್ಟು ಬಗೆಯ ಮುಕ್ತಾಯಗಳಿವೆ?

ಕಣ್ಣು ಮುಚ್ಚಿ ಸಹಿ ಹಾಕಬಹುದು. ಆಟ ಐದೇ ನಿಮಿಷದಲ್ಲಿ ಮುಗಿಯುತ್ತದೆ, ನಿಮ್ಮ ಸೈಕಲ್ಲು ನಿಮಗೆ. ಸಹಿ ನಿರಾಕರಿಸಬಹುದು, ಕೈಯಲ್ಲಿ ಏನೂ ಇಲ್ಲದಿದ್ದರೆ ಊರಿನ ಇನ್ನೊಬ್ಬರನ್ನು ಕರೆಸಿ ಸಹಿ ಹಾಕಿಸುತ್ತಾರೆ. ಬರೆಸಿದ ಸಂಗತಿಗಳು ಒಂದಕ್ಕೊಂದು ಕೂಡಿಬಂದರೆ ಸಬ್ ಇನ್‌ಸ್ಪೆಕ್ಟರ್ ಹಾಳೆ ಹರಿದು ಹೊಸದಾಗಿ ಬರೆಯುತ್ತಾರೆ. ತಪ್ಪು ಮನುಷ್ಯನ ಕಡೆಗೆ ಕೂಡಿಬರುವಂತೆ ಬರೆಸಲೂ ಸಾಧ್ಯ. ಆಗ ಆಟ ನಿಮ್ಮನ್ನು ತಡೆಯುವುದಿಲ್ಲ.

ಆಟದೊಳಗೆ ಶಿಡ್ಲಘಟ್ಟ ಕೋಲಾರ ಜಿಲ್ಲೆಯಲ್ಲಿದೆ ಎಂದು ಬರೆದಿದ್ದೀರಿ. ತಿದ್ದಿಕೊಳ್ಳಿ.

ತಿದ್ದುವ ಅಗತ್ಯವಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಕಥೆ ನಡೆಯುವ 1988ರಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಎಲ್ಲವೂ ಕೋಲಾರ ಜಿಲ್ಲೆಯವೇ. ಮಾರುಕಟ್ಟೆಯಲ್ಲಿ ಇ–ಹರಾಜು ಇಲ್ಲದಿರುವುದು, ಹುಳುವನ್ನು ವಾಸದ ಮನೆಯಲ್ಲೇ ಸಾಕಿರುವುದು, ಚಂದ್ರಿಕೆ ಪ್ಲಾಸ್ಟಿಕ್ಕಿನದಲ್ಲದೆ ಬಿದಿರಿನದಾಗಿರುವುದು, ಯಾರ ಕೈಯಲ್ಲೂ ಮೊಬೈಲ್ ಇಲ್ಲದಿರುವುದು, ಎಲ್ಲಕ್ಕೂ ಇದೇ ಉತ್ತರ. ಮೊಬೈಲ್ ಇದ್ದಿದ್ದರೆ ಈ ಕಥೆ ಒಂಬತ್ತೂಕಾಲಿಗೇ ಮುಗಿದುಹೋಗುತ್ತಿತ್ತು.

ಇದು ನಿಜವಾಗಿ ನಡೆದ ಘಟನೆಯೇ?

ಅಲ್ಲ. ಹಳ್ಳಿ, ಮನೆ, ದಲ್ಲಾಳಿ ಎಲ್ಲವೂ ಕಟ್ಟುಕಥೆ. ಪಾತ್ರಗಳಿಗೆ ಹೆಸರಿಡದೆ ಯಜಮಾನ, ತಮ್ಮ, ಹಿರಿಸೊಸೆ ಎಂದು ಬಿಟ್ಟಿರುವುದೂ ಯಾರೂ ತಮ್ಮ ಮನೆಯ ಕಥೆ ಎಂದುಕೊಳ್ಳದಿರಲಿ ಎಂದೇ. ಆದರೂ ಕೆಲವರು ಅಂದುಕೊಂಡಿದ್ದಾರೆ. ಅಣ್ಣ ತಮ್ಮಂದಿರ ಭಾಗದ ಜಗಳವಿಲ್ಲದ ಊರನ್ನು ನಾವು ಎಲ್ಲಿಂದ ತರುವುದು?

ಆ ಭಾಗದ ಜನ ತೆಲುಗು, ಉರ್ದುವನ್ನೂ ಆಡುತ್ತಾರೆ. ಆಟದಲ್ಲಿ ಎಲ್ಲರೂ ಪುಸ್ತಕದ ಕನ್ನಡ ಏಕೆ?

ಸರಿಯಾದ ಆಕ್ಷೇಪ. ಆ ಸೀಮೆಯಲ್ಲಿ ಒಂದೇ ಮಾತುಕತೆಯೊಳಗೆ ಮೂರು ಭಾಷೆ ಬಂದುಹೋಗುತ್ತವೆ. ಅಷ್ಟನ್ನೂ ಟೈಪ್ ಮಾಡಿ ಉತ್ತರಿಸಬೇಕೆಂದರೆ ಆಡುವವರು ಓಡಿಹೋಗುತ್ತಾರೆ. ಹಾಗಾಗಿ ಯಾರು ಯಾವ ಭಾಷೆಯಲ್ಲಿ ಮಾತನಾಡಿದರು ಎಂಬುದನ್ನು ವರ್ಣನೆಯೇ ಹೇಳುತ್ತದೆ. ಗಮನವಿಟ್ಟು ಓದಿ. ಆಳಿನ ಜತೆ ಯಾವಾಗಲೂ ತೆಲುಗಿನಲ್ಲೇ ಮಾತನಾಡುವ ಮನುಷ್ಯ ಒಂದು ಸಲ ಮಾತ್ರ, ನೀವು ಎದುರಿಗಿರುವಾಗ, ಕನ್ನಡಕ್ಕೆ ಹೊರಳುತ್ತಾನೆ.

ಉಳಿಸಿಟ್ಟ ಆಟ ಮಾಯವಾಗಿದೆ.

‘ಉಳಿಸು’ ಎಂದಾಗ ಆಟ ನಿಮ್ಮ ಬ್ರೌಸರಿನೊಳಗೇ ಉಳಿಯುತ್ತದೆ. ಬ್ರೌಸರಿನ ದತ್ತಾಂಶ ಅಳಿಸಿದರೆ ಅದೂ ಹೋಗುತ್ತದೆ, ಮರಳಿ ತರಲಾಗದು. ‘ಕಡತವಾಗಿ ಉಳಿಸು’ ಎಂದರೆ ಪ್ರತ್ಯೇಕ ಕಡತ ಸಿಗುತ್ತದೆ. ಮೊಬೈಲಿನಿಂದ ಕಂಪ್ಯೂಟರಿಗೆ ಒಯ್ಯಲೂ ಅದೇ ದಾರಿ. ಆಟ ಇಡೀ ಒಂದೇ ಕಡತ, ಇಳಿಸಿಕೊಂಡ ಮೇಲೆ ಇಂಟರ್ನೆಟ್ ಬೇಕಿಲ್ಲ.

ದೃಷ್ಟಿ ಇಲ್ಲದವರು ಆಡಬಹುದೇ?

ಧಾರಾಳವಾಗಿ. ಪಠ್ಯದ ಆಟಗಳನ್ನು ಇಂದಿಗೂ ಜೀವಂತವಾಗಿ ಇಟ್ಟವರಲ್ಲಿ ಅಂಧ ಆಟಗಾರರ ಪಾಲು ದೊಡ್ಡದು. ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಬಳಸಿ ಆಡಬಹುದು. ಇಸ್ಪೀಕ್ ಧ್ವನಿ ಕನ್ನಡವನ್ನು ಓದುತ್ತದೆ, ಸ್ವಲ್ಪ ಒರಟಾಗಿಯಾದರೂ. ಹೊಸ ಸಾಲು ಬಂದಾಗ ಅದಷ್ಟನ್ನೇ ಓದುವಂತೆ ಮಾಡಿದ್ದೇವೆ. ನಕ್ಷೆ ಬೇಕಾದರೆ ‘ದಾರಿಗಳು’ ಎನ್ನಿ, ಎಲ್ಲಿಂದ ಎಲ್ಲಿಗೆ ಹೋಗಬಹುದೆಂದು ಮಾತಿನಲ್ಲೇ ಬರುತ್ತದೆ.

ಮಕ್ಕಳಿಗೆ ಕೊಡಬಹುದೇ?

ಹೈಸ್ಕೂಲಿನ ಮಕ್ಕಳು ಆಡಬಹುದು. ಶವವಿದೆ, ರಕ್ತದ ವರ್ಣನೆ ಹೆಚ್ಚಿಲ್ಲ.

ನಾನೂ ಇಂಥದ್ದೊಂದು ಆಟ ಬರೆಯಬೇಕು. ಯಾವ ಸಾಧನ?

ಕೊಂಡಿ ಒತ್ತಿ ಆಡುವ ಕಥೆಯಾದರೆ ಟ್ವೈನ್ ಸಾಕು. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಉಚಿತ ಸಾಧನ, ಕನ್ನಡ ಪಠ್ಯಕ್ಕೆ ಅಡ್ಡಿಯಿಲ್ಲ, ಒಂದು ವಾರಾಂತ್ಯದಲ್ಲಿ ಕಲಿಯಬಹುದು. ಟೈಪ್ ಮಾಡಿ ಆಡುವ ಆಟಕ್ಕೆ ಗ್ರಹಾಂ ನೆಲ್ಸನ್ ಅವರ ಇನ್ಫಾರ್ಮ್ 1993ರಿಂದ ಹೆಸರಾದದ್ದು. ಆದರೆ ಅದರ ವಾಕ್ಯ ಬಿಡಿಸುವ ಭಾಗ ಇಂಗ್ಲಿಷಿನ ಮೈಯಳತೆಗೆ ಹೊಲಿದ ಅಂಗಿ: ಕ್ರಿಯಾಪದ ಮೊದಲು, ನಾಮಪದಕ್ಕೆ ಪ್ರತ್ಯಯವಿಲ್ಲ. ಕನ್ನಡದಲ್ಲಿ ‘ಬಾಗಿಲು’ ಎಂಬೊಂದು ಪದ ಬಾಗಿಲನ್ನು, ಬಾಗಿಲಿಗೆ, ಬಾಗಿಲಿನಿಂದ, ಬಾಗಿಲಲ್ಲಿ, ಬಾಗಿಲಿನ ಎಂದೆಲ್ಲ ವೇಷ ಹಾಕಿಕೊಂಡು ಬರುತ್ತದೆ. ನಾವು ಕೊನೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಸ್ವಂತವಾಗಿ ಬರೆದುಕೊಂಡೆವು: ಪದದ ಬಾಲದಿಂದ ಪ್ರತ್ಯಯ ಕಳಚುವುದು, ಉಳಿದದ್ದನ್ನು ಪದಕೋಶದಲ್ಲಿ ಹುಡುಕುವುದು, ಸಿಗದಿದ್ದರೆ ಸಂಧಿ ಬಿಡಿಸಿ ಮತ್ತೆ ಹುಡುಕುವುದು. ಕೇಳಲು ಸುಲಭ. ಆದರೆ ಪ್ರತ್ಯಯ ಕಳಚುವ ಉತ್ಸಾಹದಲ್ಲಿ ‘ಹಲ್ಲಿ’ ಎಂಬುದರ ಬಾಲದ ‘ಅಲ್ಲಿ’ಯನ್ನು ಕಳಚಿ ಏನೂ ಉಳಿಯದಂತೆ ಮಾಡುವ ಅಪಾಯವಿದೆ. ಮೊದಲು ಇಡೀ ಪದವನ್ನೇ ಹುಡುಕಿ, ಆಮೇಲೆ ಬಾಲಕ್ಕೆ ಕೈ ಹಾಕಿ.

ಕಥೆಯ ವಿಷಯದಲ್ಲಿ ಒಂದೇ ಮಾತು. ಕೊಲೆಗಾರ ಯಾರೆಂದು ಮೊದಲು ಬರೆಯಬೇಡಿ. ಆ ಮನೆಯಲ್ಲಿ ಆ ದಿನ ಕೊಲೆ ನಡೆಯದಿದ್ದರೆ ಯಾರು ಯಾವ ಹೊತ್ತಿಗೆ ಏನು ಮಾಡುತ್ತಿದ್ದರು ಎಂದು ಬರೆದುಕೊಳ್ಳಿ. ಸುಳ್ಳುಗಳು ಆ ದಿನಚರಿಯ ಮೇಲೆಯೇ ಎದ್ದು ಕಾಣುತ್ತವೆ.

ಆಟದಲ್ಲಿ ದೋಷ ಕಂಡರೆ ಹೇಗೆ ತಿಳಿಸಬೇಕು?

ದೋಷ ಕಂಡ ಕೂಡಲೇ ‘ವರದಿ’ ಎಂದು ಟೈಪ್ ಮಾಡಿ. ನೀವು ಕೊಟ್ಟ ಕೊನೆಯ ಕೆಲವು ಆಜ್ಞೆಗಳು, ಆಟ ಕೊಟ್ಟ ಉತ್ತರ, ಆವೃತ್ತಿಯ ಸಂಖ್ಯೆ ಎಲ್ಲವೂ ಒಂದು ಕಡತದಲ್ಲಿ ಬರುತ್ತವೆ, ಅದನ್ನು ಕಳುಹಿಸಿ. ಪರದೆಯ ಫೋಟೊ ಬೇಡ, ಅದರಿಂದ ಅಗೋಚರ ಅಕ್ಷರಗಳು ಸಿಕ್ಕಿಬೀಳುವುದಿಲ್ಲ. ಕಾಗುಣಿತದ ತಪ್ಪಿದ್ದರೆ ಸಾಲನ್ನು ನಕಲು ಮಾಡಿ ಅಂಟಿಸಿದರೂ ಸಾಕು. ಕೊಲೆಗಾರನ ಆಯ್ಕೆ ಸರಿಯಿಲ್ಲ ಎಂಬ ದೂರುಗಳನ್ನು ಬೇರೆ ಕಡತದಲ್ಲಿ ಕಳುಹಿಸಿ, ಅವನ್ನು ನಿಧಾನವಾಗಿ ಓದುತ್ತೇವೆ.